ಡೈಲಾಗ್ ಬರೆಯುವ ಮೊದಲು ಮನೆ ಮಾತು ಕೇಳಿಸಿಕೊಂಡೆ

ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ತೆರೆಯ ಮೇಲಿನ ಮನೆಗೂ ನಿಜವಾದ ಮನೆಗೂ ಏನು ವ್ಯತ್ಯಾಸ ಅಂತ ಕೇಳಿದರೆ ಜನ ದೊಡ್ಡ ಹಾಲ್ ಬಗ್ಗೆ, ಮಲಗಿದಾಗಲೂ ಕೆಡದ ಮೇಕಪ್ ಬಗ್ಗೆ ಹೇಳುತ್ತಾರೆ. ಅವು ಕಣ್ಣಿಗೆ ಕಾಣುವಂಥವು. ನೋಡುವವರು ಅವನ್ನು ನಂಬುವುದೂ ಇಲ್ಲ. ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಇರುವುದು ಮಾತಿನಲ್ಲಿ. ತೆರೆಯ ಮೇಲೆ ಎಲ್ಲರೂ ವಾಕ್ಯ ಪೂರ್ತಿ ಮಾಡುತ್ತಾರೆ. ಒಬ್ಬರು ಮಾತಾಡುವಾಗ ಉಳಿದವರು ನಿಂತು ಕೇಳುತ್ತಾರೆ. ಯಾವ ಮನೆಯಲ್ಲಿ ಹೀಗೆ ನಡೆಯುತ್ತದೆ?

ಇದನ್ನು ಸರಿಯಾಗಿ ತಿಳಿಯಲು ಮನೆಯವರ ಒಪ್ಪಿಗೆ ಕೇಳಿ, ನಾವು ಮಾತಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡತೊಡಗಿದೆ. ಕೆಲಸ ಆದಮೇಲೆ ಅಳಿಸಿಬಿಡುತ್ತೇನೆ ಅಂತ ಮೊದಲೇ ಹೇಳಿದ್ದೆ, ಹಾಗೇ ಅಳಿಸಿದೆ. ಶುರುವಿನ ಭಾಗ ಉಪಯೋಗಕ್ಕೆ ಬರುವುದಿಲ್ಲ. ರೆಕಾರ್ಡ್ ಆಗುತ್ತಿದೆ ಅನ್ನುವುದು ತಲೆಯಲ್ಲಿದ್ದಷ್ಟು ಹೊತ್ತು ಎಲ್ಲರೂ ಸ್ವಲ್ಪ ನಟಿಸುತ್ತಾರೆ. ಅದು ಮರೆತ ಮೇಲಿನ ಮಾತನ್ನು ಮಾತ್ರ ಇಟ್ಟುಕೊಂಡೆ.

ಆಮೇಲೆ ಅದನ್ನು ಬರೆದುಕೊಳ್ಳುವುದು. ಇದೇ ಕಷ್ಟದ ಕೆಲಸ. ಗೇಲ್ ಜೆಫರ್ಸನ್ ಅನ್ನುವ ಸಂಶೋಧಕಿ ಇದಕ್ಕೆ ಒಂದು ಪದ್ಧತಿ ಮಾಡಿಕೊಟ್ಟಿದ್ದಾರೆ. ಮಾತಿನ ನಡುವಿನ ಮೌನ ಎಷ್ಟು ಸೆಕೆಂಡು, ಯಾರ ಮಾತಿನ ಮೇಲೆ ಯಾರ ಮಾತು ಬಿತ್ತು, ಎಲ್ಲಿ ಉಸಿರು ಎಳೆದರು, ಎಲ್ಲವನ್ನೂ ಗುರುತು ಹಾಕಿ ಬರೆಯುವುದು. ನಾನು ಅದನ್ನು ಸರಳ ಮಾಡಿಕೊಂಡೆ. ಮಾತಿನ ಮೇಲೆ ಮಾತು ಬಿದ್ದಲ್ಲಿ ಒಂದು ಅಡ್ಡಗೆರೆ, ಮೌನ ಇದ್ದಲ್ಲಿ ಒಂದು ಚುಕ್ಕೆ. ಅಷ್ಟಾದರೂ ಒಂದು ನಿಮಿಷದ ಮಾತಿಗೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಕೇಳಬೇಕಾಗುತ್ತದೆ.

ಬರೆದ ಹಾಳೆ ನೋಡಿದಾಗ ಅಡ್ಡಗೆರೆಗಳೇ ಜಾಸ್ತಿ. ಇದಕ್ಕೆ ಕಾರಣ ಇದೆ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವೆ ಇರುವ ಅಂತರ ಸರಾಸರಿ 0.2 ಸೆಕೆಂಡಿನ ಆಸುಪಾಸು. ಆದರೆ ಒಂದೇ ಒಂದು ಪದವನ್ನು ನೆನಪಿನಿಂದ ತೆಗೆದು ಬಾಯಿಗೆ ತರಲು ಸುಮಾರು 0.6 ಸೆಕೆಂಡು ಬೇಕು. ಅಂದರೆ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಮ್ಮ ಉತ್ತರ ತಯಾರಾಗುತ್ತಿರುತ್ತದೆ. ಮಾತಿನ ಮೇಲೆ ಮಾತು ಬೀಳುವುದು ಒರಟುತನ ಅಲ್ಲ. ಕೇಳುತ್ತಿದ್ದೇವೆ ಅನ್ನುವುದಕ್ಕೆ ಗುರುತು ಅದು.

ಇನ್ನೊಂದು, 'ಆಂ?', 'ಏನಂದೆ?', 'ಯಾರು?' ಇವು ಬರುತ್ತಲೇ ಇರುತ್ತವೆ. 2015ರಲ್ಲಿ ಬಂದ, ಹನ್ನೆರಡು ಭಾಷೆಗಳ ಅಧ್ಯಯನದ ಪ್ರಕಾರ ಸರಾಸರಿ ಒಂದೂವರೆ ನಿಮಿಷದ ಒಳಗೇ ಇಂಥದ್ದೊಂದು ಬರುತ್ತದೆ. ಇಪ್ಪತ್ತೆರಡು ನಿಮಿಷದ ಎಪಿಸೋಡ್ ಒಂದನ್ನು ಗಮನ ಇಟ್ಟು ನೋಡಿ. ಯಾರಿಗೂ ಯಾರ ಮಾತೂ ಕೇಳಿಸದೇ ಹೋಗುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಬೇರೆಯೇ. ಮನೆಯಲ್ಲಿ ದೊಡ್ಡ ವಿಷಯ ಯಾವತ್ತೂ ಒಂಟಿಯಾಗಿ ಬರುವುದಿಲ್ಲ, ಯಾವುದಾದರೂ ಸಣ್ಣ ಕೆಲಸದ ಪಕ್ಕದಲ್ಲಿ ಬರುತ್ತದೆ. ಧಾರಾವಾಹಿಯಲ್ಲಿ ತಾಯಿ ಮಗನ ಎದುರು ನಿಂತು, "ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು" ಅನ್ನುತ್ತಾಳೆ. ನಾನೀಗ ಆ ಸೀನ್ ಹೀಗೆ ಬರೆಯುತ್ತೇನೆ:

"ನನ್ನ ಕನ್ನಡಕ ನೋಡಿದ್ಯಾ?"
"ಟೀವಿ ಹತ್ರ ಇರ್ಬೇಕು."
"ಅಲ್ಲಿಲ್ಲ. ನಾಳೆ ಬೆಳಿಗ್ಗೆ ಬಿಡುವಿದ್ಯಾ ನಿಂಗೆ?"
"ಯಾಕಮ್ಮಾ?"
"ಆಸ್ಪತ್ರೆಗೆ ಹೋಗ್ಬೇಕಿತ್ತು."
"ಏನು?"
"ಏನಿಲ್ಲ. ಬಿಡುವಿದ್ರೆ ಬಾ, ಅಷ್ಟೇ. ಇಲ್ಲೇ ಇದೆ ನೋಡು."

ಇಲ್ಲಿ ಮಗನಿಗೆ ಮಾತು ಕೇಳಿಸಿದೆ. ಆದರೂ 'ಏನು?' ಅನ್ನುತ್ತಾನೆ, ಯಾಕೆಂದರೆ ಅವನಿಗೆ ಒಂದು ಕ್ಷಣ ಬೇಕು. ತಾಯಿಗೂ ಬೇಕಿತ್ತು, ಅದಕ್ಕೇ ಕನ್ನಡಕ. ಭಯವಾಗುತ್ತಿದೆ ಅಂತ ಇಬ್ಬರೂ ಹೇಳುವುದಿಲ್ಲ, ಹೇಳಿಸುವ ಅಗತ್ಯವೂ ಇಲ್ಲ.

ಫೋನ್ ಮಾತಿನಲ್ಲೂ ಹೀಗೇ. ತೆರೆಯ ಮೇಲೆ ವಿಷಯ ಮುಗಿದ ಕೂಡಲೇ ಫೋನ್ ಕೆಳಗೆ ಬರುತ್ತದೆ. ನಿಜದಲ್ಲಿ 'ಸರಿ' ಅಂದಮೇಲೆ 'ಹ್ಞೂಂ, ಸರಿ' ಬರುತ್ತದೆ, 'ಮತ್ತೆ?' ಬರುತ್ತದೆ, 'ಇಡ್ತೀನಿ ಹಾಗಾದ್ರೆ' ಬರುತ್ತದೆ. ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವಿ ಸ್ಯಾಕ್ಸ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಮಾತು ತಾನಾಗಿ ಮುಗಿಯುವುದಿಲ್ಲ, ಇಬ್ಬರೂ ಸೇರಿ ಮುಗಿಸಬೇಕು. ಅಲ್ಲಿಯವರೆಗೆ ಹೇಳದೆ ಉಳಿದದ್ದಕ್ಕೆ ಆ ಹಂತದಲ್ಲಿ ಕೊನೆಯ ಜಾಗ ಸಿಗುತ್ತದೆ. ನನ್ನ ರೆಕಾರ್ಡಿಂಗ್‌ಗಳಲ್ಲೂ ಅಷ್ಟೇ, ಕರೆ ಮಾಡಿದ ನಿಜವಾದ ಕಾರಣ ಎಷ್ಟೋ ಸಲ 'ಇಡ್ತೀನಿ' ಆದಮೇಲೆ ಹೊರಗೆ ಬಂದಿದೆ.

ತೆರೆಯ ಮೇಲಿನ ಮಾತು ಹಾಗಿರುವುದಕ್ಕೆ ಬರೆಯುವವರ ಸೋಮಾರಿತನ ಕಾರಣ ಅಂತ ನಾನು ಹೇಳಲಾರೆ. ಸ್ಕ್ರಿಪ್ಟಿನ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವುದು ನಮ್ಮ ಲೆಕ್ಕ. ಅಷ್ಟರಲ್ಲಿ ಕಥೆ ಮುಂದಕ್ಕೆ ಹೋಗಬೇಕು. ಎಡಿಟಿಂಗ್ ತೊಂದರೆಯೂ ಇದೆ. ಇಬ್ಬರು ನಟರ ಮುಖವನ್ನು ಬೇರೆ ಬೇರೆ ಶಾಟ್‌ನಲ್ಲಿ ತೆಗೆಯುತ್ತಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ದನಿ ಬಿದ್ದಿದ್ದರೆ ಆ ಎರಡು ಶಾಟ್ ಜೋಡಿಸುವುದು ಕಷ್ಟ. ಅದಕ್ಕೇ ಸೆಟ್‌ನಲ್ಲಿ 'ಓವರ್‌ಲ್ಯಾಪ್ ಬೇಡ' ಅನ್ನುತ್ತಾರೆ. ಅಮೆರಿಕದ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ 1970ರ ದಶಕದಲ್ಲಿ ನಟರಿಗೆ ಪ್ರತ್ಯೇಕ ಮೈಕ್ ಹಾಕಿಸಿ, ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಧ್ವನಿ ಹಿಡಿದು ಇದನ್ನು ದಾಟಿದರು. ದಿನಕ್ಕೊಂದು ಎಪಿಸೋಡ್ ಕೊಡಬೇಕಾದ ತಂಡಕ್ಕೆ ಅಷ್ಟು ಸಮಯ ಎಲ್ಲಿರುತ್ತದೆ?

ಹಾಗಾಗಿ ನಾನು ಆರಿಸಿಕೊಳ್ಳುತ್ತೇನೆ. ರೆಕಾರ್ಡ್ ಆದ ಮಾತನ್ನು ಹಾಗೇ ಬರೆದರೆ ಯಾರೂ ಓದಲಾರರು. ಮಾತಿನ ಮೇಲೆ ಮಾತು ಬೀಳಿಸುವ ಬದಲು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸುತ್ತೇನೆ, ಎಡಿಟರ್‌ಗೂ ಕತ್ತರಿ ಹಾಕಲು ಜಾಗ ಸಿಗುತ್ತದೆ. ಪ್ರತಿ ಪಾತ್ರದ ಕೈಗೂ ಒಂದು ಕೆಲಸ ಕೊಡುತ್ತೇನೆ. ಬಟ್ಟೆ ಮಡಿಸುವುದು, ಚಾರ್ಜರ್ ಹುಡುಕುವುದು, ಏನಾದರೂ ಸರಿ. ಸಂಬಂಧ ತಿಳಿಸಲು 'ನಾನು ನಿನ್ನ ಅಣ್ಣ' ಅಂತ ಹೇಳಿಸುವುದಿಲ್ಲ, ಯಾರು ಯಾರನ್ನು ಕೇಳದೆ ಅವರ ಫೋನ್ ಎತ್ತಿಕೊಳ್ಳುತ್ತಾರೆ ಅನ್ನುವುದರಲ್ಲೇ ಅದು ಗೊತ್ತಾಗುತ್ತದೆ.

ಜಗಳದ ಸೀನ್‌ಗೆ ನಾನು ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ನಿಜವಾದ ಜಗಳದಲ್ಲಿ ಹೇಳಿದ್ದನ್ನೇ ಹೇಳುತ್ತಾರೆ, ಹಳೆಯದನ್ನು ತೆಗೆಯುತ್ತಾರೆ, ಕೊನೆಗೆ ಯಾರೂ ಗೆಲ್ಲದೆ ಸುಮ್ಮನಾಗುತ್ತಾರೆ. ಮಾರನೇ ದಿನ ಒಬ್ಬರು ಬಂದು 'ಗೀಸರ್ ಹಾಕ್ಲಾ?' ಅಂತ ಕೇಳುತ್ತಾರೆ. ಅದೇ ಕ್ಷಮೆ. ತೆರೆಯ ಮೇಲೆ ಕಣ್ಣೀರಿಟ್ಟು, ಪೂರ್ತಿ ವಾಕ್ಯದಲ್ಲಿ ಕ್ಷಮೆ ಕೇಳುವುದನ್ನು ದಿನಾ ನೋಡುವವರಿಗೆ ಆ 'ಗೀಸರ್ ಹಾಕ್ಲಾ?' ಕ್ಷಮೆಯಾಗಿ ಕೇಳಿಸದೇ ಹೋಗಬಹುದು. ನಮ್ಮ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಮನಸ್ಸು ಬಿಚ್ಚಿ ಮಾತಾಡುವುದೇ ಇಲ್ಲ ಅಂತ ಪರಿಚಯದ ಹುಡುಗಿಯೊಬ್ಬಳು ಬೇಜಾರು ಮಾಡಿಕೊಂಡಳು. ಅವಳ ಮನೆಯವರನ್ನು ಬಲ್ಲೆ. ಅವರು ಮಾತಾಡುತ್ತಾರೆ, ಧಾರಾವಾಹಿಯ ರೀತಿಯಲ್ಲಿ ಅಲ್ಲ, ಅಷ್ಟೇ. ಅವಳ ಮಾತು ಕೇಳಿದಾಗ ನಾನು ಬರೆಯುವುದರ ಜವಾಬ್ದಾರಿ ನನಗೆ ತುಂಬ ಹತ್ತಿರದಿಂದ ಕಂಡಿತು.

ನೀವೂ ಬರೆಯುವವರಾದರೆ ಒಮ್ಮೆ ಮಾಡಿ ನೋಡಿ. ಕೇಳಿ ಒಪ್ಪಿಗೆ ತೆಗೆದುಕೊಳ್ಳಿ, ಅರ್ಧ ಗಂಟೆ ರೆಕಾರ್ಡ್ ಮಾಡಿ, ಅದರಲ್ಲಿ ಏನೂ ನಡೆಯದಂತೆ ಕಾಣುವ ಒಂದೇ ನಿಮಿಷ ಆರಿಸಿ ಉಸಿರು ಸಹಿತ ಬರೆದುಕೊಳ್ಳಿ. ಆಮೇಲೆ ಅದೇ ನಿಮಿಷವನ್ನು ಆರು ಸಾಲಿಗೆ ಇಳಿಸಿ. ಯಾವ ಸಾಲು ತೆಗೆದರೆ ಅದು ನಿಮ್ಮ ಮನೆ ಅನ್ನಿಸುವುದಿಲ್ಲವೋ ಆ ಸಾಲನ್ನು ಮುಟ್ಟಬೇಡಿ.