ಮೊದಲ ಎಫ್‌ಪಿಜಿಎ ಬೋರ್ಡ್ ಆರಿಸಿದ್ದು ಹೀಗೆ

ಎಫ್‌ಪಿಜಿಎ ಎಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ಬದಲಿಸಬಹುದಾದ ಚಿಪ್. ಬೋರ್ಡಿಗಿಂತ ಮುಂಚೆ ಅದರ ಸಾಫ್ಟ್‌ವೇರ್ ನೋಡಬೇಕು. ಮೈಸೂರು, ಮಂಡ್ಯದಲ್ಲಿ ಓದು ಮುಗಿಸಿದ ಇಂಜಿನಿಯರಿಂಗ್ ಹುಡುಗರು ಹಳೇ ಸ್ಪಾರ್ಟನ್-6 ಬೋರ್ಡನ್ನು ಅಗ್ಗಕ್ಕೆ ಕೊಡುವುದುಂಟು. ಈಗಿನ ಸಾಫ್ಟ್‌ವೇರ್ ಆದ ವಿವಾಡೊದಲ್ಲಿ ಅದು ನಡೆಯುವುದಿಲ್ಲ, ಅದರ ಹಿಂದಿನ 2013ರ ಐಎಸ್‌ಇ 14.7 ಬೇಕು. ಸೈಕ್ಲೋನ್-2 ಚಿಪ್‌ನ ಬೋರ್ಡ್ ಆದರೆ ಅದರ ಸಾಫ್ಟ್‌ವೇರ್ ಕ್ವಾರ್ಟಸ್ 13.0 ಎಸ್‌ಪಿ1ಕ್ಕೇ ಕೊನೆ. ಒಬ್ಬರೇ ಕುಳಿತು ಕಲಿಯುವವರಿಗೆ ಇವು ಬೇಡವೇ ಬೇಡ. ಸರ್ಕ್ಯೂಟ್ ಬರೆಯುವ ಭಾಷೆಯಾದ ವೆರಿಲಾಗ್ ಕಲಿಯುವ ಹೊತ್ತೆಲ್ಲ ಇನ್‌ಸ್ಟಾಲ್ ಮಾಡುವುದರಲ್ಲೇ ಹೋಗುತ್ತದೆ.

ಬೇಸಿಸ್ 3 ಒಳ್ಳೆಯ ಬೋರ್ಡ್. 16 ಸ್ವಿಚ್, 16 ಎಲ್‌ಇಡಿ, ನಾಲ್ಕು ಅಂಕಿಯ ಡಿಸ್‌ಪ್ಲೇ ಎಲ್ಲ ಅದರ ಮೇಲೇ ಇವೆ. ದುಡ್ಡೂ ವಿವಾಡೊಗೆ ಹತ್ತಾರು ಜಿಬಿ ಜಾಗವೂ ಇದ್ದರೆ ಅದನ್ನೇ ಕೊಳ್ಳಿ. ನಾನು ಟಾಂಗ್ ನ್ಯಾನೋ 9ಕೆ ತರಿಸಿದೆ: 8,640 ಲುಟ್ (ಸರ್ಕ್ಯೂಟ್ ಕಟ್ಟುವ ಚಿಕ್ಕ ಘಟಕಗಳು), 27 ಮೆಗಾಹರ್ಟ್ಸ್ ಕ್ಲಾಕ್, 6 ಎಲ್‌ಇಡಿ, 2 ಬಟನ್. ಡಿಸೈನನ್ನು ಚಿಪ್‌ಗೆ ಇಳಿಸುವ ಪ್ರೋಗ್ರಾಮರ್ ಬೋರ್ಡಿನಲ್ಲೇ ಇರುವುದರಿಂದ ಬೇರೆ ಜೆಟ್ಯಾಗ್ ಕೇಬಲ್ ಕೊಳ್ಳಬೇಕಿಲ್ಲ. ಇದರ ಸಾಫ್ಟ್‌ವೇರ್ ಆದ ಗೋವಿನ್‌ನ ಎಜುಕೇಶನ್ ಆವೃತ್ತಿ ಲೈಸೆನ್ಸ್ ಕೇಳುವುದಿಲ್ಲ. ರೆಸಿಸ್ಟರ್, ಬ್ರೆಡ್‌ಬೋರ್ಡ್, ಜಂಪರ್ ವೈರ್ ಮೈಸೂರಿನ ಅಂಗಡಿಗಳಲ್ಲೇ ಸಿಕ್ಕವು, ಬೋರ್ಡ್ ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಕಾಯಿತು. ಪಾರ್ಸೆಲ್ ಬರುವ ತನಕ ಕೋಡ್ ನಡೆಸಿ ನೋಡುವ ಇಕಾರಸ್ ವೆರಿಲಾಗ್, ಸಿಗ್ನಲ್‌ಗಳ ವೇವ್‌ಫಾರ್ಮ್ ತೋರಿಸುವ ಜಿಟಿಕೆವೇವ್ ಹಾಕಿಕೊಂಡು ಕಂಪ್ಯೂಟರಿನಲ್ಲೇ ಸಿಮ್ಯುಲೇಶನ್ ಮಾಡಿದೆ. ಎರಡೂ ಉಚಿತ.

ಮೊದಲ ಕೆಲಸ ಎಲ್‌ಇಡಿ ಮಿನುಗಿಸುವುದು. 27 ಮೆಗಾಹರ್ಟ್ಸ್‌ನಲ್ಲಿ ಅರ್ಧ ಸೆಕೆಂಡಿಗೆ 1,35,00,000 ಕ್ಲಾಕ್ ಎಣಿಸಬೇಕು, ಅದಕ್ಕೆ 24 ಬಿಟ್ ಕೌಂಟರ್. 23 ಬಿಟ್ ಇಟ್ಟರೆ 83,88,607ಕ್ಕೇ ಸುತ್ತು ಮುಗಿದು ಸೊನ್ನೆಗೆ ಬರುತ್ತದೆ. 1,35,00,000 ತಲುಪಿತೇ ಎಂಬ ಹೋಲಿಕೆ ಯಾವತ್ತೂ ನಿಜವಾಗುವುದಿಲ್ಲ, ಎಲ್‌ಇಡಿ ಅಲುಗುವುದೂ ಇಲ್ಲ. ಈ 1,35,00,000 ಸಂಖ್ಯೆಯನ್ನು ಪ್ಯಾರಾಮೀಟರ್ (ಬೇಕಾದಾಗ ಬದಲಿಸಬಹುದಾದ ಬೆಲೆ) ಮಾಡಿ, ಸಿಮ್ಯುಲೇಶನ್‌ನಲ್ಲಿ 10 ಕೊಡಿ. ಇಲ್ಲವಾದರೆ ವೇವ್‌ಫಾರ್ಮ್ ಫೈಲ್ ವಿಪರೀತ ಬೆಳೆಯುತ್ತದೆ. ಇನ್ನೊಂದು ವಿಷಯ, ಈ ಎಲ್‌ಇಡಿಗಳು ಸೊನ್ನೆ ಕೊಟ್ಟರೆ ಹೊತ್ತುತ್ತವೆ, ಒಂದು ಕೊಟ್ಟರೆ ಆರುತ್ತವೆ.

ತಪ್ಪು ಹೆಚ್ಚಾಗಿ ನುಸುಳುವುದು ಕೋಡ್‌ನಲ್ಲಲ್ಲ, ಪಿನ್ ಹಂಚುವ ಸಿಎಸ್‌ಟಿ ಫೈಲ್‌ನಲ್ಲಿ. ಕ್ಲಾಕ್ 52ನೇ ಪಿನ್. ಎಲ್‌ಇಡಿಗಳು 10, 11, 13, 14, 15, 16. ನಡುವೆ 12 ಇಲ್ಲ ಎಂಬುದನ್ನು ಗಮನಿಸಿ. ಎಲ್‌ಇಡಿ, ಬಟನ್ ಇರುವ ಬ್ಯಾಂಕ್ (ಒಂದೇ ವೋಲ್ಟೇಜಿನ ಪಿನ್‌ಗಳ ಗುಂಪು) 1.8 ವೋಲ್ಟ್‌ನದು. ಅಲ್ಲಿ ಒಂದಕ್ಕೆ 1.8, ಇನ್ನೊಂದಕ್ಕೆ 3.3 ಎಂದು ಬರೆದರೆ ಒಂದೇ ಬ್ಯಾಂಕಿನಲ್ಲಿ ಎರಡು ವೋಲ್ಟೇಜ್ ಆಗಿ ಟೂಲ್ ನಿಂತುಬಿಡುತ್ತದೆ.

ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ. ಬರೀ ಚಾರ್ಜಿಂಗ್‌ನ ಕೇಬಲ್‌ನಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಕೇಬಲ್ ಕಿತ್ತು ಮತ್ತೆ ಹಾಕಿದಾಗ ನಿಮ್ಮ ಡಿಸೈನ್ ಮಾಯವಾದರೆ ಗಾಬರಿ ಬೇಡ. ಎಸ್‌ರ್ಯಾಮ್ ಎಂಬ ತಾತ್ಕಾಲಿಕ ಮೆಮೊರಿಗೆ ಬರೆದದ್ದು ಪವರ್ ಇರುವ ತನಕ ಮಾತ್ರ. ಪ್ರಯೋಗಕ್ಕೆಲ್ಲ ಎಸ್‌ರ್ಯಾಮ್ ಸಾಕು, ಉಳಿಯಬೇಕಾದದ್ದನ್ನಷ್ಟೇ ಫ್ಲಾಶ್‌ಗೆ ಬರೆಯಿರಿ.

ಒತ್ತಿದಾಗ ಬಟನ್‌ನ ಸಂಪರ್ಕ ಅದುರುವುದರಿಂದ ಅದರ ಸಿಗ್ನಲ್ಲನ್ನು ನೇರವಾಗಿ ಕೌಂಟರ್‌ಗೆ ಕೊಟ್ಟರೆ ಒಂದು ಒತ್ತಿಗೆ ಐದಾರು ಎಣಿಕೆ ಆಗಿಬಿಡಬಹುದು. ಮೊದಲು ಎರಡು ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಘಟಕ) ದಾಟಿಸಿ, ಆಮೇಲೆ 20 ಮಿಲಿಸೆಕೆಂಡ್, ಅಂದರೆ 5,40,000 ಕ್ಲಾಕ್, ಬೆಲೆ ಬದಲಾಗದೆ ನಿಂತರೆ ಮಾತ್ರ ಒಪ್ಪಿಕೊಳ್ಳಿ. 20 ಬಿಟ್ ಕೌಂಟರ್ ಸಾಕು.

5 ವೋಲ್ಟ್‌ನ ಆರ್ಡುಯಿನೊ ಬೋರ್ಡ್ ಬಳಸಿ ಬಂದವರು ದಯವಿಟ್ಟು ಇದನ್ನು ಮರೆಯಬೇಡಿ: ಈ ಪಿನ್‌ಗಳು 5 ವೋಲ್ಟ್ ತಾಳುವುದಿಲ್ಲ. 5 ವೋಲ್ಟ್‌ನ ಅಲ್ಟ್ರಾಸಾನಿಕ್ ಸೆನ್ಸರ್‌ನ ಎಕೋ ಪಿನ್‌ನಿಂದ 1 ಕಿಲೋಓಮ್ ದಾಟಿಸಿ ಬೋರ್ಡಿನ 3.3 ವೋಲ್ಟ್ ಪಿನ್‌ಗೆ ತನ್ನಿ, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್ ಹಾಕಿ. 1.8 ವೋಲ್ಟ್ ಬ್ಯಾಂಕಿನ ಪಿನ್‌ಗೆ ಹೀಗೆ ಇಳಿಸಿದ ಸಿಗ್ನಲ್ಲನ್ನೂ ಕೊಡಬೇಡಿ.