ತಿಮರೆ: ಕೊಯ್ಯುವುದು, ಅರೆಯುವುದು, ಎಷ್ಟು ಉಣ್ಣುವುದು

ನಾನು ಮೊದಲು ನೋಡುವುದು ಎಲೆಯನ್ನಲ್ಲ, ಗಿಡ ಬೆಳೆದ ಜಾಗವನ್ನು. ತೇವ ಇದ್ದಲ್ಲೆಲ್ಲ ತಿಮರೆ, ಅಂದರೆ ಒಂದೆಲಗ, ಹಬ್ಬುತ್ತದೆ. ಬಾವಿಕಟ್ಟೆಯ ಬುಡದಲ್ಲೂ ಉಂಟು, ಬಚ್ಚಲ ನೀರು ಹೋಗುವ ಕಣಿಯಲ್ಲೂ ಉಂಟು. ಮಣ್ಣಿನಲ್ಲಿ ಸೀಸ ಇದ್ದರೆ ಅದನ್ನೂ ಹೀರಿಕೊಳ್ಳುವ ಗಿಡ ಇದು. ಹಾಗಾಗಿ ಮಂಗಳೂರು ಪೇಟೆಯ ಚರಂಡಿ ಬದಿಯದ್ದು, ಹೆದ್ದಾರಿ ಪಕ್ಕದ್ದು ಎಷ್ಟು ಹುಲುಸಾಗಿದ್ದರೂ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮದ್ದು ಬಿಟ್ಟ ತೋಟದ್ದೂ ಬೇಡ, ಆ ಮದ್ದು ಕೆಳಗಿನ ಸೊಪ್ಪಿನ ಮೇಲೆಯೇ ಬೀಳುತ್ತದೆ. ಗಂಟಿನಲ್ಲಿ ಬೇರು ಬಿಟ್ಟ ಬಳ್ಳಿಯ ತುಂಡನ್ನು ಅಗಲದ ಚಟ್ಟಿಯಲ್ಲಿ, ಹಟ್ಟಿಗೊಬ್ಬರ ಬೆರೆಸಿದ ಮಣ್ಣಿಗೆ ಊರಿ ಅರೆನೆರಳಲ್ಲಿ ಇಡುವುದೇ ಒಳ್ಳೆಯದು. ಪೂರ್ತಿ ಬಿಸಿಲಾದರೆ ಎಲೆ ಸಣ್ಣದಾಗಿ ಬಲಿಯುತ್ತದೆ, ಕಹಿ ಹೆಚ್ಚುತ್ತದೆ.

ಎಲೆಗೆ ಒಂದು ಕಡೆ ಸೀಳು, ಆ ಸೀಳಿನಲ್ಲೇ ತೊಟ್ಟು. ತೊಟ್ಟು ಎಲೆಯ ನಡುವಿಗೆ ಕೊಡೆಯಂತೆ ಕೂತಿದ್ದರೆ ಅದು ಬೇರೆ ಗಿಡ. ದಪ್ಪನೆಯ ಪುಟ್ಟ ಎಲೆಯ ನೀರುಬ್ರಾಹ್ಮಿಯೂ ಬೇರೆಯೇ. ತಿಮರೆ, ನೀರುಬ್ರಾಹ್ಮಿ ಎರಡನ್ನೂ ಬ್ರಾಹ್ಮಿ ಎಂದೇ ಮಾರುವುದರಿಂದ ಪುಡಿ ಕೊಳ್ಳುವುದಕ್ಕಿಂತ ಹಸಿ ಗಿಡವೇ ನಂಬಿಕೆಗೆ ಅರ್ಹ.

ನಾಲ್ವರ ತಂಬುಳಿಗೆ ತೊಟ್ಟು ಸಮೇತ ಒಂದು ಹಿಡಿ ಎಳೆ ಸೊಪ್ಪು ಸಾಕು. ಮೂರು ನೀರಿನಲ್ಲಿ ತೊಳೆಯಬೇಕು, ಬಳ್ಳಿ ನೆಲಕ್ಕೆ ಅಂಟಿರುವುದರಿಂದ ಮಣ್ಣು ಬಿಡುವುದಿಲ್ಲ. ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು, ಸೊಪ್ಪು ಹಾಕಿ ಬಾಡಿದ ಕೂಡಲೇ ಇಳಿಸಿ. ಹೆಚ್ಚು ಹುರಿದರೆ ಕಪ್ಪಾಗಿ ಪರಿಮಳವೇ ಹೋಗುತ್ತದೆ. ಅರ್ಧ ಕಪ್ ಕಾಯಿತುರಿಯೊಟ್ಟಿಗೆ ನುಣ್ಣಗೆ ಅರೆದು, ಎರಡು ಕಪ್ ಸಿಹಿ ಮಜ್ಜಿಗೆಯಲ್ಲಿ ಕದಡಿ, ಉಪ್ಪು, ಸಾಸಿವೆ ಒಗ್ಗರಣೆ. ಆಮೇಲೆ ಒಲೆಗೆ ಇಡಬಾರದು, ಒಡೆಯುತ್ತದೆ. ಅರೆದ ಸೊಪ್ಪು ಬೇಗ ಬಣ್ಣಗೆಡುವುದರಿಂದ ಅಂದಂದಿನದ್ದು ಅಂದೇ ಮುಗಿಸಬೇಕು.

ತಿಮರೆ ಮನಸ್ಸನ್ನು ತಣ್ಣಗಾಗಿಸುತ್ತದೆ ಎನ್ನುತ್ತಾರೆ, ಆದರೆ ತಲೆಗೇರುವ ಅಮಲು ಇದರಲ್ಲಿ ಇಲ್ಲ. 2000ದಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಆರೋಗ್ಯವಂತರಿಗೆ 12 ಗ್ರಾಂ ತಿಮರೆಯನ್ನು ಒಮ್ಮೆಲೇ ಕೊಟ್ಟಾಗ, 30ರಿಂದ 60 ನಿಮಿಷದಲ್ಲಿ ದೊಡ್ಡ ಸದ್ದಿಗೆ ಬೆಚ್ಚಿಬೀಳುವುದು ತಗ್ಗಿತು. ಮನಸ್ಸು ಹೇಗಿದೆ ಎಂದು ಕೇಳಿದರೆ ಅವರ ಉತ್ತರದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ನನಗೂ ಅದೇ ಸರಿ ಎನಿಸುತ್ತದೆ: ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ತಂಬುಳಿ ಉಂಡರೆ ತಳಮಳ ಇಳಿದಂತೆ ಇರುತ್ತದೆ, ಅಷ್ಟೆ. ಖಿನ್ನತೆಗೆ, ಬಹುಕಾಲದ ನಿದ್ರಾಹೀನತೆಗೆ ಇದನ್ನೇ ಮದ್ದೆಂದು ನಂಬಿ ಕೂರಬಾರದು.

ವಾರಕ್ಕೆ ಎರಡು ಮೂರು ಸಲ, ಊಟದ ಪ್ರಮಾಣದಲ್ಲಿ, ಇದು ನನ್ನ ಮಿತಿ. ಲೋಟಗಟ್ಟಲೆ ಹಸಿ ರಸ ಕುಡಿಯುವುದನ್ನು ನಾನು ಒಪ್ಪುವುದಿಲ್ಲ; ಹೊಟ್ಟೆ ತೊಳಸುತ್ತದೆ, ತಲೆ ನೋಯುತ್ತದೆ. ಇದರ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದವರಿಗೆ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು 2005ರಲ್ಲಿ ಅರ್ಜೆಂಟೀನಾದಿಂದ ವರದಿಯಾಗಿವೆ. ಯಕೃತ್ತಿನ ತೊಂದರೆ ಇದ್ದವರು, ಬಸುರಿಯರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಔಷಧದ ಪ್ರಮಾಣದಲ್ಲಿ ಬಳಸಬಾರದು. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.