ಕೈ ಬಿಗಿಯಾದ ವರ್ಷ ಹೊಸ ಅಳಿಯನ ದೀಪಾವಳಿ

2020ರಲ್ಲಿ ದೀಪಾವಳಿ ನವೆಂಬರ್ 14ಕ್ಕೆ ಬಂತು. ನಮ್ಮವರು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಾರೆ. ಲಾಕ್‌ಡೌನ್ ಮುಗಿದು ಮೆಷಿನ್ ಓಡಲು ಶುರುವಾಗಿತ್ತು, ಆದರೆ ಆರ್ಡರ್ ಇರಲಿಲ್ಲ. ಸಂಬಳ ಅರ್ಧ. ಸಾಲದ ಕಂತಿಗೆ ಸಿಕ್ಕಿದ್ದ ಆರು ತಿಂಗಳ ಬಿಡುವು ಆಗಸ್ಟ್‌ಗೆ ಮುಗಿದಿತ್ತು, ಬಡ್ಡಿ ಮಾತ್ರ ಅಷ್ಟೂ ದಿನ ಬೆಳೆದಿತ್ತು. ಅದೇ ಜೂನ್‌ನಲ್ಲಿ ಮಗಳ ಮದುವೆಯೂ ಆಗಿತ್ತು. ಅಂದರೆ ಹೊಸ ಅಳಿಯನ ಮೊದಲ ದೀಪಾವಳಿ. ಬಟ್ಟೆ, ಉಂಗುರ, ಸ್ವೀಟು, ಪಟಾಕಿ ಎಲ್ಲದರ ಚಿಂತೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಈ ವರ್ಷ ಕೆಲಸ ಕಡಿಮೆಯಾಗಿದ್ದರೆ, ನಾವು ಮಾಡಿದ್ದನ್ನು ಹೇಳುತ್ತೇನೆ.

ಹಬ್ಬಕ್ಕೆ ಮೂರು ವಾರ ಇರುವಾಗಲೇ ಲೆಕ್ಕಕ್ಕೆ ಕೂರಿ. ಏನು ಬೇಕು ಅಂತ ಮೊದಲು ಬರೆಯಬೇಡಿ, ಎಷ್ಟಿದೆ ಅಂತ ಬರೆಯಿರಿ. ಬಾಡಿಗೆ, ಕಂತು, ರೇಷನ್, ಗ್ಯಾಸ್, ಔಷಧಿ, ಇವನ್ನು ಮುಂದಿನ ತಿಂಗಳಿಗೂ ಸೇರಿಸಿ ಎತ್ತಿಡಿ. ನಮಗೆ ಉಳಿದಿದ್ದು 6,500 ರೂಪಾಯಿ. ಅದನ್ನು ನೋಟಿನಲ್ಲೇ ತೆಗೆದು ಒಂದು ಡಬ್ಬಿಯಲ್ಲಿಟ್ಟೆ. ಬೋನಸ್ ಬರುತ್ತೆ ಅಂತ ನಂಬಿ ಮಾತ್ರ ಖರ್ಚು ಮಾಡಬೇಡಿ. ಲೆಕ್ಕದ ವರ್ಷ ಮುಗಿದು ಎಂಟು ತಿಂಗಳೊಳಗೆ ಕೊಟ್ಟರೆ ಸಾಕು ಅನ್ನುವುದು ಬೋನಸ್ ಕಾನೂನು. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಡೆ ಅದು ನವೆಂಬರ್ ಕೊನೆಗೂ ಬರಬಹುದು, ಅಷ್ಟರಲ್ಲಿ ಹಬ್ಬ ಮುಗಿದಿರುತ್ತೆ.

ಆಮೇಲೆ ಬೀಗರಿಗೆ ಫೋನ್ ಮಾಡಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಅಂಗಡಿಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸವೂ ಇದೇ. ಆಗ ಹತ್ತು ಗ್ರಾಂ ಚಿನ್ನ 50,000 ರೂಪಾಯಿಯ ಆಸುಪಾಸಿನಲ್ಲಿತ್ತು. ಮೂರು ಗ್ರಾಂ ಉಂಗುರಕ್ಕೆ ಕೂಲಿ ಬಿಟ್ಟೇ 15,000. ನನ್ನ ಓಲೆ ಅಡ ಇಟ್ಟು ಮಾಡಿಸೋಣ ಅಂತಲೂ ಒಂದು ರಾತ್ರಿ ಯೋಚಿಸಿದ್ದೆ. ಬೆಳಗ್ಗೆ ಎದ್ದು ಬೀಗಿತ್ತಿಗೆ ಫೋನ್ ಮಾಡಿದೆ. "ಅಕ್ಕಾ, ಈ ಸಲ ಉಂಗುರ ಆಗಲ್ಲ. ಎಣ್ಣೆ ಸ್ನಾನ, ಹೊಸ ಬಟ್ಟೆ, ಹಬ್ಬದ ಊಟ, ಇಷ್ಟು ಮಾಡ್ತೀವಿ. ಮಕ್ಕಳನ್ನ ಕಳಿಸಿಕೊಡಿ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಮನೇಲೂ ಮೂರು ತಿಂಗಳಿಂದ ಅಂಗಡಿ ಬಾಡಿಗೆ ಕಟ್ಟಿಲ್ಲ ಕಣಮ್ಮಾ" ಅಂದರು.

ಹೀಗೆ ಹೇಳುವಾಗ ಒಂದು ಎಚ್ಚರ ಇರಲಿ. "ಮುಂದಿನ ವರ್ಷ ಖಂಡಿತ ಹಾಕ್ತೀವಿ" ಅನ್ನಬೇಡಿ. ಆ ಮಾತು ಬೆಳಗಾದರೆ ಸಾಲವಾಗಿ ನಿಲ್ಲುತ್ತೆ. ಆಗಲ್ಲ ಅಂದರೆ ಆಗಲ್ಲ, ಅಷ್ಟೇ. ಮಗಳಿಗೂ ಮೊದಲೇ ಹೇಳಿಡಿ, ಅವಳಿಗೆ ಅತ್ತೆ ಮನೆಯಲ್ಲಿ ಉತ್ತರ ಕೊಡುವುದು ಸುಲಭವಾಗುತ್ತೆ.

ಬಟ್ಟೆಗೆ ಚಿಕ್ಕಪೇಟೆಗೆ ಹೋಗುವುದಾದರೆ ವಾರದ ಮಧ್ಯೆ, ಬೆಳಗ್ಗೆ ಹೋಗಿ. ಚೀಟಿಯಲ್ಲಿ ಬರೆದಿದ್ದು ಸಿಕ್ಕ ಕೂಡಲೇ ಬಸ್ ಹತ್ತಿ. ಅಳಿಯನಿಗೆ ಪಂಚೆ, ಶರ್ಟ್ ಪೀಸು, ಮಗಳಿಗೆ ಒಂದು ಕಾಟನ್ ಸೀರೆ, ಮಗನಿಗೆ ಒಂದು ಅಂಗಿ ತಂದೆವು. ನಾವಿಬ್ಬರು ಮದುವೆಗೆ ತೆಗೆದಿದ್ದನ್ನೇ ಉಟ್ಟೆವು. ಶರ್ಟ್ ಹೊಲಿಯಲು ನಮ್ಮ ಬೀದಿಯ ಟೈಲರ್‌ಗೇ ಕೊಟ್ಟೆ, ಕೂಲಿಯಲ್ಲಿ ಚೌಕಾಸಿ ಮಾಡಲಿಲ್ಲ. ಹೂವಿನಮ್ಮನ ಹತ್ತಿರವೂ ಅಷ್ಟೆ. ಅವರಿಗೂ ಅದು ಕೆಟ್ಟ ವರ್ಷವೇ ಅಲ್ವಾ? ಖರ್ಚು ಇಳಿಸಬೇಕು ಅಂದರೆ ಕಟ್ಟಿದ ಹೂವಿನ ಬದಲು ಬಿಡಿ ಸೇವಂತಿಗೆ ತಂದು ಮನೆಯಲ್ಲೇ ಕಟ್ಟಿ. ಅವರ ಕೈಯಿಂದ ಹತ್ತು ರೂಪಾಯಿ ಕಿತ್ತುಕೊಳ್ಳಬೇಡಿ.

ಬಡ್ಡಿ ಇಲ್ಲದ ಕಂತು ಅನ್ನುವ ಬೋರ್ಡು ಕಂಡರೆ ನಿಂತು ಒಂದೇ ಪ್ರಶ್ನೆ ಕೇಳಿ: "ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?" 2019ರಲ್ಲಿ ನಾವು ಹೀಗೇ ಫ್ರಿಜ್ ತಂದೆವು. ಪ್ರೊಸೆಸಿಂಗ್ ಫೀಸು ಬೇರೆ ಕಟ್ಟಿಸಿಕೊಂಡರು. ಕೈಗೆ ದುಡ್ಡು ಕೊಟ್ಟವರಿಗೆ 1,500 ಕಡಿಮೆ ಇತ್ತು ಅಂತ ಪಕ್ಕದ ಮನೆಯವರಿಂದ ಆಮೇಲೆ ಗೊತ್ತಾಯಿತು. ಅದೇ ಬಡ್ಡಿ, ಹೆಸರು ಬೇರೆ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಸ್ವೀಟ್ ಬಾಕ್ಸ್ ಪೂರ್ತಿ ಬಿಡಿ, ಕಜ್ಜಾಯ ಮಾಡಿ. ನಾವು ಮೂರು ಮನೆಯವರು ಸೇರಿ ಮಾಡಿದೆವು. ಅಕ್ಕಿ ಒಬ್ಬರದು, ಬೆಲ್ಲ ಒಬ್ಬರದು, ಎಣ್ಣೆ ನಂದು. ಅಕ್ಕಿ ನೆನೆಸಿ, ನೀರು ಬಸಿದು, ಪಸೆ ಇರುವಾಗಲೇ ಹಿಟ್ಟು ಮಾಡಿ. ಬೆಲ್ಲದ ಪಾಕ ನೀರಿಗೆ ಬಿಟ್ಟರೆ ಮೆತ್ತಗೆ ಉಂಡೆಯಾಗಬೇಕು. ಪಾಕ ಗಟ್ಟಿಯಾದರೆ ಕಜ್ಜಾಯವೂ ಗಟ್ಟಿ. ಏಲಕ್ಕಿ, ಗಸಗಸೆ ಹಾಕಿ ಕಲಸಿದ ಹಿಟ್ಟನ್ನು ಎರಡು ದಿನ ಮುಚ್ಚಿಡಿ. ಹಬ್ಬಕ್ಕೆ ಮೊದಲೇ ಕಲಸಿಡಬಹುದಾದ್ದರಿಂದ ಹಬ್ಬದ ದಿನ ಬರೀ ಕರಿಯುವ ಕೆಲಸ.

ಹಳೇ ಹಣತೆ ಬಿಸಿನೀರಲ್ಲಿ ತೊಳೆದರೆ ಸಾಕು. ಹೊಸದು ತಂದರೆ ಕೆಲವು ಗಂಟೆ ನೀರಲ್ಲಿ ನೆನೆಸಿ, ಎಣ್ಣೆ ಕಡಿಮೆ ಕುಡಿಯುತ್ತೆ. ಪಟಾಕಿ ನಾವು ಮಗನಿಗೆ ಎರಡು ಬಾಕ್ಸ್ ಸುರುಸುರುಬತ್ತಿ ಮಾತ್ರ ತಂದೆವು.

ಹಿಂದಿನ ಸಂಜೆ ಹಂಡೆ ತೊಳೆದು, ಕೆಮ್ಮಣ್ಣು ಬಳಿದು, ನೀರು ತುಂಬಿದೆವು. ಬೆಳಗ್ಗೆ ಐದಕ್ಕೆ ಅಳಿಯನ ನೆತ್ತಿಗೆ ನಾನೇ ಎಣ್ಣೆ ಒತ್ತಿದೆ. ಮಧ್ಯಾಹ್ನ ಊಟ ಆದಮೇಲೆ ಅವರು ಬರಿಗೈ ಬೆರಳು ನೋಡಿಕೊಂಡು, "ಅತ್ತೇ, ಅಮ್ಮ ಫೋನ್ ವಿಷಯ ಹೇಳಿದ್ರು. ನಮ್ಮಪ್ಪಂಗೂ ಉಸಿರು ಬಿಟ್ಟ ಹಾಗಾಯ್ತು, ನಿಮಗೆ ಏನು ವಾಪಸ್ ಕೊಡೋದು ಅಂತ ಅವರೂ ಯೋಚನೆ ಮಾಡ್ತಿದ್ರು" ಅಂದರು. ಡಬ್ಬಿಯಲ್ಲಿ 340 ರೂಪಾಯಿ ಉಳಿದಿತ್ತು. ಅದರಲ್ಲಿ ಇನ್ನೂ ಎರಡು ಕೆಜಿ ಬೆಲ್ಲ ತಂದು, ಬೀಗರ ಮನೆಗೆ ಕಜ್ಜಾಯ ಕಟ್ಟಿಕೊಟ್ಟೆ.